ಒಳ್ಳೆಯ ನೀರಿನ ಜಾಡಿ

ಒಳ್ಳೆಯ ನೀರಿನ ಜಾಡಿಯಲ್ಲಿದ್ದ ನೀರುಚಿಗಟಗಳೂ ಸತ್ತು ತಳ ಸೇರಿದ್ದವು. ಈ ವಾರದಲ್ಲಿ ಇದು ಮೂರನೇ ಸಲ. ನನಗೆ ಸಿಟ್ಟು ನೆತ್ತಿಗೇರಿತು.

"ಜಾಡಿಗೆ ಸೋಪು ಹಾಕಿ ತೊಳೆದ್ಯಾ?" ಎಂದು ಗಾಜು ತೊಳೆಯುವವಳ ಮೇಲೆ ಹಾರಿಬಿದ್ದೆ.

"ಸೋಪಿನ ಡಬ್ಬಿನ ನೀವೇ ಬೀರುವಲ್ಲಿಟ್ಟು ಬೀಗ ಹಾಕಿದೀರಲ್ಲ!" ಅವಳು ಸೊಂಟದ ಮೇಲೆ ಕೈಯಿಟ್ಟಳು. "ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಳಂತೆ. ನಿಮ್ಮ ಹುಳಕ್ಕೇ ಏನೋ ರೋಗ ಬಂದಿರಬೇಕು, ನನ್ನ ತಲೆಗೆ ಯಾಕೆ ಕಟ್ತೀರಾ?"

ಊರಿಗೆಲ್ಲ ಕೆರೆಯ ನೀರನ್ನು ಶುದ್ಧ ಮಾಡಿ ಕಳಿಸುವ ಘಟಕ ನಮ್ಮದು. ಅದರ ನೆಲಮಾಳಿಗೆಯಲ್ಲಿ, ತೆರೆಯಲು ಬಾರದ ಒಂದೇ ಕಿಟಕಿಯಿರುವ ಕೋಣೆಯಲ್ಲಿ ಕೂತು ನಾನು ನೀರುಚಿಗಟ ಸಾಕುತ್ತೇನೆ. ಎಳ್ಳಿನಷ್ಟೂ ದೊಡ್ಡವಲ್ಲ. ಬೆಳಕಿಗೆ ಹಿಡಿದು ಮಸೂರದಲ್ಲಿ ನೋಡಿದರೆ ಮೈಯೊಳಗೆ ಗುಂಡಿಗೆ ಬಡಿಯುವುದು ಕಾಣುತ್ತದೆ. ಕೆರೆಗೆ ಹಸಿರು ಪಾಚಿ ಕಟ್ಟಿದಾಗ ಅದರಲ್ಲಿ ಕೆಲವು ಜಾತಿಗಳ ಒಳಗೆ ವಿಷವಿರುತ್ತದೆ. ಅದಕ್ಕೆ ಬಣ್ಣವಿಲ್ಲ, ಕುದಿಸಿದರೂ ಹೋಗುವುದಿಲ್ಲ. ನಮ್ಮಲ್ಲಿ ಅದನ್ನು ಕಂಡುಹಿಡಿಯಲು ಬೇರೆ ಯಂತ್ರ ಇಲ್ಲ, ಈ ಚಿಗಟಗಳೇ ಗತಿ. ಒಂದು ಜಾಡಿಯಲ್ಲಿ ಕೆರೆಯ ನೀರು, ಪಕ್ಕದಲ್ಲಿ ಹೋಲಿಸಿ ನೋಡಲು ಒಳ್ಳೆಯ ನೀರು. ಎರಡಕ್ಕೂ ಚಿಗಟ ಬಿಟ್ಟು ಒಂದು ದಿನ ಕಾಯಬೇಕು. ಕೆರೆಯ ಜಾಡಿಯವು ಮಾತ್ರ ಸತ್ತರೆ ಕೆರೆಯಲ್ಲಿ ವಿಷ. ಒಳ್ಳೆಯ ನೀರಿನವೂ ಸತ್ತರೆ ಚಿಗಟಗಳೇ ಸರಿಯಿಲ್ಲವೆಂದು ಅರ್ಥ, ಆ ಪರೀಕ್ಷೆ ರದ್ದು. ಮೂರು ಸಲವೂ ನಾನು ರದ್ದು ಎಂದೇ ಬರೆದೆ.

ಮನೆಗೆ ಬಂದರೆ ಅಕ್ಕ ಬಕೆಟ್ಟಿನ ಮೇಲೆ ಬಗ್ಗಿ ಓಕರಿಸುತ್ತಿದ್ದಳು. ಅವಳ ಎರಡು ಮೂತ್ರಪಿಂಡಗಳೂ ಕೈಕೊಟ್ಟು ಎರಡು ವರ್ಷವಾಯಿತು. ದಿನ ಬಿಟ್ಟು ದಿನ ಊರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಮಿಕ್ಕ ಹೊತ್ತೆಲ್ಲ ನನ್ನ ಮನೆಯ ಹಿಂದಿನ ಕೋಣೆ, ಒಂದು ಮಂಚ, ಕಿಟಕಿಯಾಚೆ ಪಕ್ಕದ ಕಟ್ಟಡದ ಗೋಡೆ. ಮೈಗೆ ಸೇರಿದ ನೀರು ಹೊರಗೆ ಹೋಗದ್ದರಿಂದ ಕುಡಿಯಲು ದಿನಕ್ಕೆ ಅಳತೆಯ ನೀರು. "ತಂಗಿ ಊರಿಗೆಲ್ಲ ನೀರು ಕೊಡ್ತಾಳೆ, ಅಕ್ಕನಿಗೆ ಮಾತ್ರ ಮುಕ್ಕಾಲು ಲೋಟ" ಎಂದು ಬಂದವರ ಮುಂದೆಲ್ಲ ನನ್ನ ಮಾನ ಕಳೆಯುತ್ತಿದ್ದಳು.

"ನಿನ್ನೆ ಡಯಾಲಿಸಿಸ್ ಆಯ್ತಲ್ಲ, ಹಗುರ ಅನ್ನಿಸ್ಬೇಕು ತಾನೆ?" ಎಂದು ಬಾಯಿ ಒರೆಸಿಕೊಂಡಳು. "ಎರಡು ಸಲದಿಂದ ತಲೆ ಸಿಡಿದು ಹೋಗ್ತಿದೆ ಕಣೇ. ಕಣ್ಣು ಬೇರೆ ಮಂಜು. ನಿನ್ನ ಮುಖಾನೇ ಸರಿಯಾಗಿ ಕಾಣ್ತಿಲ್ಲ."

"ಕಾಣದಿದ್ರೆ ನಷ್ಟ ಏನೂ ಇಲ್ಲ ಬಿಡು" ಎಂದೆ. ಅವಳು ನಗಲಿಲ್ಲ. ಆಗ ನನಗೆ ಒಳಗೊಳಗೇ ಹೆದರಿಕೆಯಾಯಿತು.

ಮರುದಿನ ಬೆಳಿಗ್ಗೆ ಸತ್ತ ಜಾಡಿಗಳನ್ನೆಲ್ಲ ಎತ್ತಿ ಬಚ್ಚಲಿಗೆ ಸುರಿಯುತ್ತಿದ್ದೆ. ಕಪಾಟಿನ ಮೂಲೆಯಲ್ಲಿ, ಹಳೆಯ ಟ್ರೇ ಹಿಂದೆ ಒಂದು ಜಾಡಿ ಸಿಕ್ಕಿತು. ಯಾವಾಗ ಇಟ್ಟಿದ್ದೆನೋ! ತಿಂಗಳಿಂದ ನೀರು ಬದಲಿಸಿಲ್ಲ, ಆಹಾರ ಹಾಕಿಲ್ಲ, ನೀರು ಕಂದುಬಣ್ಣಕ್ಕೆ ತಿರುಗಿತ್ತು. ಅದರೊಳಗೆ ಚಿಗಟಗಳು ತಕತಕ ಕುಣಿಯುತ್ತಿದ್ದವು.

ನಾನು ಜಾಡಿ ಹಿಡಿದು ನಿಂತೇ ಇದ್ದೆ. ಹೊಸ ನೀರು ಹಾಕಿ ಮಕ್ಕಳಂತೆ ನೋಡಿಕೊಂಡವೆಲ್ಲ ಸತ್ತಿದ್ದವು, ಮರೆತದ್ದು ಮಾತ್ರ ಬದುಕಿತ್ತು. ಹಾಗಾದರೆ ರೋಗ ಚಿಗಟದ್ದಲ್ಲ. ಆ ಹೊಸ ನೀರು, ನಾವು ಒಳ್ಳೆಯದೆಂದು ಹೋಲಿಸಿ ನೋಡುತ್ತಿದ್ದ ನೀರು, ಕ್ಲೋರಿನ್ ಹೋಗಲೆಂದು ಒಂದು ದಿನ ತೆರೆದಿಟ್ಟ ನಮ್ಮದೇ ನಲ್ಲಿಯ ನೀರು. ಅದೇ ನಲ್ಲಿ ನೀರು ಆಸ್ಪತ್ರೆಗೂ ಹೋಗುತ್ತದೆ. ಅಲ್ಲಿ ಫಿಲ್ಟರು ದಾಟಿ ಯಂತ್ರದೊಳಗೆ ಅಕ್ಕನ ರಕ್ತದ ಪಕ್ಕದಲ್ಲೇ ಹರಿಯುತ್ತದೆ, ನಡುವೆ ಒಂದು ತೆಳುವಾದ ಪೊರೆ ಅಷ್ಟೆ. ಅವತ್ತು ಮಧ್ಯಾಹ್ನ ಅವಳ ಸರದಿ.

ಮೆಟ್ಟಿಲು ಹತ್ತಿ ಘಟಕದ ಸಾಹೇಬರ ಕೋಣೆಗೆ ಓಡಿದೆ. ಏದುಸಿರು ಬಿಡುತ್ತಾ ಹೇಳಿ ಮುಗಿಸುವಷ್ಟರಲ್ಲಿ ಅವರ ಮುಖ ಬಿಳಿಚಿಕೊಂಡಿತ್ತು.

"ಹೋದ ವಾರ ಕೆರೆಗೆ ಪಾಚಿ ಸಾಯೋ ಔಷಧಿ ಹೊಡೆಸಿದ್ದು ನಾನೇ ಕಣಮ್ಮ" ಎಂದರು. "ಔಷಧಿ ನೀರಲ್ಲಿ ಉಳಿದಿಲ್ಲ, ಅದನ್ನ ದಿನಾ ನೋಡ್ತಿದೀವಿ. ಆದ್ರೆ ಪಾಚಿ ಸಾಯ್ತಾ ಒಳಗಿದ್ದ ವಿಷನೆಲ್ಲ ನೀರಿಗೆ ಬಿಟ್ಟಿರ್ಬೇಕು. ನಮ್ಮ ಮರಳಿನ ಫಿಲ್ಟರು ಪಾಚಿನ ತಡೆಯುತ್ತೆ, ಕರಗಿದ ವಿಷನ ಹೇಗೆ ತಡೆಯುತ್ತೆ?"

"ಪರೀಕ್ಷೆ ಲೆಕ್ಕದಲ್ಲಿ ರದ್ದಾಗಿದೆ ಸಾರ್..."

"ರದ್ದಾಗಲಿ ಬಿಡಿ. ಕೆಲಸ ಹೋದ್ರೆ ನಂದು ಹೋಗುತ್ತೆ." ಫೋನೆತ್ತಿ ದೊಡ್ಡ ವಾಲ್ವು ಮುಚ್ಚಲು ಹೇಳಿದರು. ಆಮೇಲೆ ಆಸ್ಪತ್ರೆಗೆ ಮಾಡಿದರು. ಇಷ್ಟು ಸುಲಭವಾಗಿ ಮುಗಿಯುತ್ತದೆಂದು ನಾನು ಎಣಿಸಿರಲಿಲ್ಲ.

ಮುಗಿದಿರಲೂ ಇಲ್ಲ. ಊರಿನವರಿಗೆ ಕುಡಿಯಲು ಕ್ಯಾನುಗಳಲ್ಲಿ ನೀರು ಬಂತು. ಡಯಾಲಿಸಿಸ್ ಯಂತ್ರಕ್ಕೆ ಕ್ಯಾನು ಯಾವ ಮೂಲೆಗೆ? ಒಬ್ಬರಿಗೇ ಡ್ರಮ್ಮುಗಟ್ಟಲೆ ಬೇಕು. ಪಕ್ಕದ ಊರಿಗೂ ಇದೇ ಕೆರೆ, ಅದರಾಚೆಯ ಆಸ್ಪತ್ರೆಗಳಲ್ಲಿ ಯಂತ್ರ ಖಾಲಿಯಿಲ್ಲ. ದೂರದ ಬೋರ್‌ವೆಲ್ಲಿನಿಂದ ಟ್ಯಾಂಕರ್ ಬರುವವರೆಗೆ ಯಾರಿಗೂ ಡಯಾಲಿಸಿಸ್ ಇಲ್ಲ ಎಂದು ಆಸ್ಪತ್ರೆಯ ಬಾಗಿಲಿಗೆ ಚೀಟಿ ಅಂಟಿಸಿದರು.

"ಬಾಗಿಲು ಹಾಕ್ಸಿದ್ದು ನೀನಂತೆ" ಎಂದಳು ಅಕ್ಕ.

"ಹಾಕ್ಸದೆ ಏನ್ಮಾಡ್ಲಿ? ವಿಷ ಕಣೇ ಅದು!"

"ಬೈತಿಲ್ಲ ನಿನ್ನ. ಅತ್ತ ದರಿ, ಇತ್ತ ಪುಲಿ. ನೀನು ಪುಲಿನ ಓಡಿಸ್ದೆ, ಅಷ್ಟೆ."

ದರಿ ನಿಧಾನವಾಗಿ ಹತ್ತಿರ ಬಂತು. ಮೊದಲ ದಿನ ಕಾಲು ಊದಿತು. ಟ್ಯಾಂಕರ್ ನಾಳೆ ಎಂದರು. ನಾಳೆ ಬಂದಾಗ ಮತ್ತೆ ನಾಳೆ ಎಂದರು. ಅಕ್ಕನಿಗೆ ಮಲಗಲು ಆಗುತ್ತಿರಲಿಲ್ಲ, ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಒರಗಿ ಕೂತೇ ಇದ್ದಳು. ಎದೆಯೊಳಗೆ ಗೊರಗೊರ ಸದ್ದು. ನಾನು ಅಡುಗೆಮನೆಗೂ ಆ ಕೋಣೆಗೂ ಸುಮ್ಮನೆ ಓಡಾಡಿದೆ. ಮಾಡಲು ಏನೂ ಇರಲಿಲ್ಲ. ಹಾಳಾದ ಚಿಗಟ, ಹಾಳಾದ ಕೆರೆ ಎಂದು ಶಪಿಸಿದೆ.

ಮೂರನೇ ದಿನ ಬೆಳಿಗ್ಗೆ ಟ್ಯಾಂಕರ್ ಬಂತು. ಅಷ್ಟು ಹೊತ್ತಿಗೆ ಅಕ್ಕನನ್ನು ಆಸ್ಪತ್ರೆಗೆ ಸೇರಿಸಿ ಮೂಗಿಗೆ ಆಮ್ಲಜನಕದ ನಳಿಕೆ ಸಿಕ್ಕಿಸಿದ್ದರು.

"ಹಿಂದಿನ ಟ್ರಿಪ್ಪಲ್ಲಿ ಇದರಲ್ಲಿ ಯಾವ ನೀರಿತ್ತು?" ಎಂದು ಚಾಲಕನನ್ನು ಕೇಳಿದೆ.

"ನನಗೇನು ಗೊತ್ತು ಮೇಡಂ? ನಿನ್ನೆವರೆಗೂ ಇದು ಬೇರೆಯವನ ಕೈಯಲ್ಲಿತ್ತು. ಕೆರೆ ಹತ್ರಾನೇ ಓಡಾಡ್ತಿತ್ತಂತೆ."

ತೊಟ್ಟಿಯಲ್ಲಿ ಕೆರೆ ನೀರು ಉಳಿದಿದ್ದರೆ ಇದೂ ವಿಷವೇ. ಅಕ್ಕನನ್ನು ನೋಡುತ್ತಿದ್ದ ಡಾಕ್ಟರಮ್ಮನಿಗೂ ಅದು ಕೇಳಿಸಿತು. ನನ್ನನ್ನು ಪಕ್ಕಕ್ಕೆ ಕರೆದರು. "ದೊಡ್ಡ ಲ್ಯಾಬಿಗೆ ಕಳಿಸಿದ್ರೆ ಉತ್ತರ ಬರೋಕೆ ಎರಡು ದಿನ. ನಿಮ್ಮ ಹುಳಕ್ಕೆ ಎಷ್ಟು ಹೊತ್ತು ಬೇಕು?"

"ನಿಯಮದ ಪ್ರಕಾರ ಒಂದು ದಿನ."

"ನಿಮ್ಮಕ್ಕನಿಗೆ ಒಂದು ದಿನ ಇಲ್ಲ."

ಆ ಮರೆತ ಜಾಡಿಯಿಂದ ಹತ್ತು ಚಿಗಟ ಎತ್ತಿ ಟ್ಯಾಂಕರಿನ ನೀರಿಗೆ ಬಿಟ್ಟೆ. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಜಾಡಿಯಿಟ್ಟುಕೊಂಡು ಕೂತೆ. ಸಂಜೆಯಾದರೂ ಹತ್ತೂ ಕುಣಿಯುತ್ತಲೇ ಇದ್ದವು. ಅದರಿಂದ ಏನೂ ಸಾಬೀತಾಗುವುದಿಲ್ಲ. ವಿಷ ಸ್ವಲ್ಪವೇ ಇದ್ದರೆ ಅವು ಸಂಜೆ ಕುಣಿದು ಬೆಳಿಗ್ಗೆ ಸಾಯುತ್ತವೆ. ಡಾಕ್ಟರಮ್ಮ ಬಂದು ಎದುರಿಗೆ ನಿಂತರು.

"ಕಾದ್ರೂ ಹೋಗ್ತಾರೆ, ನೀರು ಕೆಟ್ಟಿದ್ರೂ ಹೋಗ್ತಾರೆ" ಎಂದರು. "ಇದರ ಬಗ್ಗೆ ಗೊತ್ತಿರೋರು ನೀವೊಬ್ರೇ. ನೀವು ಹೇಳಿ. ಈ ನೀರು ಯಂತ್ರಕ್ಕೆ ಹಾಕ್ಲಾ?"

ನಾನು ಜಾಡಿಯನ್ನು ಬೆಳಕಿಗೆ ಹಿಡಿದು ಮತ್ತೆ ಎಣಿಸಿದೆ. ಒಳಗಿನಿಂದ ಅಕ್ಕ ಒಂದೊಂದೇ ಮಾತನ್ನು ಎಳೆದು ಹೇಳಿದಳು: "ಅವಳನ್ನ... ಯಾಕೆ ಗೋಳು ಹೊಯ್ಕೋತೀರಾ... ಹಾಕಿ."

ಡಾಕ್ಟರಮ್ಮ ನನ್ನನ್ನೇ ನೋಡುತ್ತಿದ್ದರು.

"ಹಾಕಿ" ಎಂದೆ.

ಸೂಜಿ ಚುಚ್ಚಿದರು. ಯಂತ್ರ ತಿರುಗತೊಡಗಿತು, ಅಕ್ಕನ ರಕ್ತ ನಳಿಕೆಯಲ್ಲಿ ಹೊರಗೆ ಹೋಗಿ ಒಳಗೆ ಬಂತು. ನಾನು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, ಜಾಡಿಯನ್ನು ಮಡಿಲಲ್ಲಿಟ್ಟು, ಅವಳ ಕೈ ಹಿಡಿದು ಕೂತೆ. ಒಂದು ಗಂಟೆ ಕಳೆಯುವಷ್ಟರಲ್ಲಿ ಗೊರಗೊರ ಸದ್ದು ಇಳಿಯಿತು. ತುಟಿಗೆ ಬಣ್ಣ ಬಂತು. ದೇವರೇ, ಅಳು ಬಂತು ನನಗೆ.

ಕಣ್ಣೊರೆಸಿಕೊಂಡು ಜಾಡಿ ನೋಡಿದೆ. ಒಂದು ಚಿಗಟ ತಳದಲ್ಲಿ ಬಿದ್ದಿತ್ತು. ಜಾಡಿಯನ್ನು ಮೆಲ್ಲಗೆ ತಟ್ಟಿದೆ. ಅದು ಅಲುಗಲಿಲ್ಲ.

ಹತ್ತರಲ್ಲಿ ಒಂದು ಸತ್ತರೆ ಲೆಕ್ಕಕ್ಕಿಲ್ಲ. ನಮ್ಮ ನಿಯಮ ಹಾಗಿದೆ. ಒಳ್ಳೆಯ ನೀರಿನಲ್ಲೂ ಒಂದು ತಾನಾಗಿಯೇ ಸಾಯಬಹುದು. ಎರಡಾದರೆ ಮಾತ್ರ ಅನುಮಾನ.

"ಹೇಗಿದಾವೇ ನಿನ್ನ ಹುಳ?" ಅಕ್ಕ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಕುಣೀತಿವೆ ಅಕ್ಕ."

"ಇನ್ನೆಷ್ಟು ಹೊತ್ತು ನನ್ನದು?"

"ಇನ್ನು ಮೂರು ಗಂಟೆ. ಮಲಕ್ಕೋ."

ಎಷ್ಟೋ ದಿನಗಳ ಮೇಲೆ ಅವಳು ಬೆನ್ನು ಹಾಸಿಗೆಗೆ ತಾಗಿಸಿ ಮಲಗಿದಳು, ಕೂಡಲೇ ನಿದ್ದೆ ಹೋದಳು. ಅವಳ ಕೈ ನನ್ನ ಕೈಯೊಳಗೇ ಇತ್ತು. ಒಂಬತ್ತು, ಒಂಬತ್ತು, ಒಂಬತ್ತು ಎಂದು ಎಣಿಸುತ್ತ ಕೂತೆ. ಎಂಟಾದರೆ ಯಂತ್ರ ನಿಲ್ಲಿಸಿ ಎಂದು ಕೂಗಿ ಅವಳನ್ನು ಎಬ್ಬಿಸಬೇಕಾದವಳು ನಾನೇ.