ಸೋಮವಾರದವರೆಗೆ ಮುಚ್ಚಿಟ್ಟ ಕರಡು

ಬೆಳಿಗ್ಗೆ ಅಕ್ಕ ಶೂ ಹಾಕಿಕೊಳ್ಳುತ್ತಾ ಕೇಳಿದಳು, "ಮುಂದಿನ ತಿಂಗಳು ಆ ಗಾಜಿನ ಬಾಗಿಲಿನ ಕಪಾಟುಗಳು ಮತ್ತೆ ನಮ್ಮ ಸೆಕ್ಷನ್‌ಗೇ ಬರ್ತಾವಾ? ಅವನ್ನೆಲ್ಲ ಹೋದ ಸಲವೇ ಮುಗಿಸಿದ್ವಲ್ಲ."

ನಾನು ಬಾಯಿ ತುಂಬ ಬ್ರೆಡ್ ಇಟ್ಟುಕೊಂಡು "ಹೂಂ" ಎಂದೆ.

"ಪಕ್ಕಾ ತಾನೇ?"

"ಹೂಂ ಅಂದ್ನಲ್ಲ."

"ಸರಿ ಬಿಡು. ನೀನು ಹಾಕಿದ ಪ್ಲಾನ್ ಅಂದ್ಮೇಲೆ ನಾನ್ಯಾಕೆ ತಲೆ ಕೆಡಿಸಿಕೊಳ್ಳಲಿ? ನಂಗೆ ಕೆಲಸ ಕೊಡ್ತೀವಿ ಅಂದ ಆ ಇನ್ನೊಂದು ಕಾರ್ಖಾನೆಯವರು ಇವತ್ತು ಐದು ಗಂಟೆಯೊಳಗೆ ಬರ್ತೀನಿ, ಬರಲ್ಲ ಏನೋ ಒಂದು ಹೇಳು ಅಂದಿದ್ದಾರೆ. ಇಲ್ಲೇ ಇಷ್ಟು ಕೆಲಸ ಇರೋವಾಗ ಅಲ್ಲಿಗೆ ಯಾಕೆ ಹೋಗ್ಲಿ?"

"ಐದು ಗಂಟೆವರೆಗೆ ಟೈಮ್ ಇದೆಯಲ್ಲ, ಯೋಚನೆ ಮಾಡು," ಎಂದೆ.

ನಾವಿಬ್ಬರೂ ಒಂದೇ ಮನೆ, ಒಂದೇ ಕಾರ್ಖಾನೆ. ಅಲ್ಲಿ ಮರದ ಪೀಠೋಪಕರಣ ತಯಾರಾಗುತ್ತದೆ. ಅಕ್ಕ ಕೆಳಗೆ ಪಾಲಿಷ್ ಸೆಕ್ಷನ್ನಿನ ಮುಖ್ಯಸ್ಥೆ. ನಾನು ಮೇಲಿನ ಗಾಜಿನ ಕೋಣೆಯಲ್ಲಿ ಕೂತು ಯಾರಿಗೆ ಯಾವ ವಾರ ಯಾವ ಕೆಲಸ ಎಂದು ಕಂಪ್ಯೂಟರಿನಲ್ಲಿ ಹಾಕುವವಳು. ನಾನು ಹಾಕಿದ್ದು ಎಲ್ಲರ ಫೋನಿನಲ್ಲಿ ಕಾಣುತ್ತದೆ. ನಮ್ಮಲ್ಲಿ ಕೆಲಸದ ವಿಷಯವನ್ನು ಯಾರೂ ಮ್ಯಾನೇಜರ ಬಳಿ ಹೋಗಿ ಕೇಳುವುದಿಲ್ಲ, ಫೋನು ನೋಡುತ್ತಾರೆ. ಮದುವೆಗೆ ದಿನ ಗೊತ್ತು ಮಾಡುವವರೂ ಮೊದಲು ಅದನ್ನೇ ನೋಡುತ್ತಾರೆ.

ಕರಡು ಮಾತ್ರ ಯಾರಿಗೂ ಕಾಣುವುದಿಲ್ಲ. ಅದಕ್ಕೊಂದು ಕಾರಣವಿದೆ. ಹಿಂದೊಮ್ಮೆ ನಾನು ಸುಮ್ಮನೆ ಹಾಕಿ ನೋಡಿದ ಕರಡೊಂದು ಹೊರಗೆ ಬಿದ್ದು, ಪ್ಯಾಕಿಂಗಿನವರೂ ಲೋಡಿಂಗಿನವರೂ ಎಂದೂ ಆಗದ ಬದಲಾವಣೆಗೆ ಎರಡು ದಿನ ಕಿತ್ತಾಡಿದ್ದರು. ಅಂದಿನಿಂದ ಪ್ರತಿ ಕರಡಿನ ತಲೆಯ ಮೇಲೆ ಎರಡು ಸಾಲು ತುಂಬಲೇಬೇಕು: ಯಾರಿಗೆ ಕಾಣಬೇಕು, ಯಾವಾಗ ಕಾಣಬೇಕು.

ಈ ಸಲದ ಕರಡಿನಲ್ಲಿ ತುಂಬಿದ್ದು: ಈಗ ನನಗೆ ಮತ್ತು ಮ್ಯಾನೇಜರಿಗೆ ಮಾತ್ರ; ಉಳಿದ ಎಲ್ಲರಿಗೂ ಸೋಮವಾರ. ಒಳಗಿದ್ದದ್ದು ಒಂದೇ ವಿಷಯ. ಮುಂದಿನ ತಿಂಗಳಿಂದ ಪಾಲಿಷ್ ಸೆಕ್ಷನ್ ಇರುವುದಿಲ್ಲ. ಆ ಕೆಲಸವನ್ನು ಹೊರಗಿನವರಿಗೆ ವಹಿಸುತ್ತಾರೆ.

"ಸೋಮವಾರ ನಾನೇ ಎಲ್ಲರನ್ನೂ ಕೂರಿಸಿ ಹೇಳ್ತೀನಿ," ಎಂದಿದ್ದರು ಮ್ಯಾನೇಜರು. ಏನು ಕೇಳಿದರೂ 'ಆಮೇಲೆ ನೋಡೋಣ' ಎನ್ನುವುದರಿಂದ ಅವರಿಗೆ ಆಮೇಲೆ ಸಾಹೇಬರು ಎಂದೇ ಹೆಸರು. "ಇಂಥದ್ದೆಲ್ಲ ಫೋನ್ ನೋಡಿ ಗೊತ್ತಾಗಬಾರದು ನೋಡಿ."

"ಅಲ್ಲಿವರೆಗೆ ಮುಂದಿನ ತಿಂಗಳು ಖಾಲಿ ಕಾಣುತ್ತಲ್ಲ ಸಾರ್?"

"ಖಾಲಿ ಬಿಟ್ರೆ ಅನುಮಾನ ಬರುತ್ತೆ. ಹಳೇ ಕೆಲಸಾನೇ ಮತ್ತೆ ಹಾಕಿಡಿ."

ಹಾಕಿಟ್ಟೆ. ನನ್ನ ಕೆಲಸ ನನಗೆ ಬೇಕಿತ್ತು. ಆ ಗಾಜಿನ ಬಾಗಿಲಿನ ಕಪಾಟುಗಳು ಅಲ್ಲಿಗೆ ಬಂದದ್ದು ಹಾಗೆ.

ಆ ದಿನ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಎದ್ದರೆ ಕೂರೋಣ ಅನ್ನಿಸುತ್ತಿತ್ತು, ಕೂತರೆ ಕೆಳಗೆ ಹೋಗೋಣ ಅನ್ನಿಸುತ್ತಿತ್ತು. ನಮ್ಮ ಕಂಪ್ಯೂಟರಿನಲ್ಲಿ ಬೇರೆಯವರ ಫೋನಿಗೆ ಏನು ಕಾಣುತ್ತದೆಂದು ನೋಡುವ ಅನುಕೂಲವಿದೆ. ಅಕ್ಕನ ಹೆಸರು ಒತ್ತಿದೆ. ಮುಂದಿನ ತಿಂಗಳಿಡೀ ಕೆಲಸದ ಹಸಿರು ಪಟ್ಟಿಗಳು, ಒಂದು ದಿನವೂ ಬಿಡುವಿಲ್ಲ. ನಾನೇ ಹೆಣೆದ ಸುಳ್ಳು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ನನಗೇ ಒಂದು ಗಳಿಗೆ ನಂಬಿಕೆ ಬಂತು. ಮುಚ್ಚಿದೆ. ಮತ್ತೆ ತೆರೆದೆ.

ಊಟದ ಹೊತ್ತಿಗೆ ಕೆಳಗಿಳಿದೆ. ಅಕ್ಕ ಮೇಜಿನ ಅಂಚಿಗೆ ಮರಳುಕಾಗದ ಉಜ್ಜುತ್ತಿದ್ದಳು. ಅವಳ ಹುಬ್ಬಿನ ಮೇಲೂ ಮರದ ಪುಡಿ ಕೂತಿತ್ತು.

"ಏನೇ, ಮುಖ ಹೀಗೆ ಇಳಿಬಿಟ್ಟುಕೊಂಡಿದ್ದೀಯ? ಆಮೇಲೆ ಸಾಹೇಬರು ಬೈದ್ರಾ?"

"ಇಲ್ಲ."

"ಮತ್ತೇನು, ನಮ್ಮ ಮೇಲೆ ಇನ್ನೂ ಹತ್ತು ಕಪಾಟು ಹೇರೋಕೆ ಬಂದ್ಯಾ?"

ಪಕ್ಕದಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಗುವಾಗ ನನ್ನ ಮೇಲೆಯೇ ಅಸಹ್ಯವಾಯಿತು. ಹೇಳಲು ಬಂದವಳು ಹಾಗೇ ಮೆಟ್ಟಿಲು ಹತ್ತಿದೆ.

ನಾಲ್ಕಾಯಿತು. ಆಮೇಲೆ ಸಾಹೇಬರು ಕಾರಿಡಾರಿನ ತುದಿಯ ಕೋಣೆಯಲ್ಲಿ ಫೋನಿನಲ್ಲಿ ಯಾರನ್ನೋ ಓಲೈಸುತ್ತಿದ್ದರು. ಹಾಳಾಗಿ ಹೋಗಲಿ ಎಂದುಕೊಂಡು ಕರಡು ತೆರೆದು, 'ಯಾರಿಗೆ' ಎಂಬಲ್ಲಿ ಅಕ್ಕನ ಹೆಸರು ಸೇರಿಸಿದೆ; 'ಯಾವಾಗ' ಎಂಬಲ್ಲಿ, ಈಗಲೇ. ಅವಳೊಬ್ಬಳಿಗೆ. ಇನ್ನೂ ಒಂದು ಗಂಟೆ ಉಳಿದಿತ್ತು. ನೋಡುತ್ತಾಳೆ, ಆ ಕಾರ್ಖಾನೆಯವರಿಗೆ ಬರ್ತೀನಿ ಎನ್ನುತ್ತಾಳೆ, ರಾತ್ರಿ ಮನೆಯಲ್ಲಿ ನನ್ನನ್ನು ಚೆನ್ನಾಗಿ ಉಗಿಯುತ್ತಾಳೆ. ಬೈಸಿಕೊಳ್ಳಲು ನಾನು ತಯಾರಿದ್ದೆ.

ಅಕ್ಕ ಏಪ್ರನ್ ಕೂಡ ಬಿಚ್ಚದೆ ಮೇಲೆ ಬಂದಳು. ಫೋನನ್ನು ನನ್ನ ಮುಂದೆ ಹಿಡಿದಳು.

"ಇದೇನಿದು?"

"ನಿಜ ಅಕ್ಕ. ಸೋಮವಾರ ಎಲ್ಲರಿಗೂ ಹೇಳ್ತಾರೆ. ನಿಂಗೆ ಇನ್ನೂ ಟೈಮ್ ಇದೆ, ಈಗಲೇ ಆ ಕಾರ್ಖಾನೆಗೆ ಫೋನ್ ಮಾಡು."

"ಬೆಳಿಗ್ಗೆ ಗೇಟ್ ದಾಟೋ ಮೊದಲೇ ಬರಲ್ಲ ಅಂತ ಹೇಳ್ಬಿಟ್ಟೆ."

"ಐದು ಗಂಟೆವರೆಗೆ..."

"ನೀನು ಹೂಂ ಅಂದ್ಮೇಲೆ ಐದು ಗಂಟೆವರೆಗೆ ಯಾಕೆ ಕಾಯ್ಲಿ?"

"ಈಗ ಮತ್ತೆ ಫೋನ್ ಮಾಡಿ ನೋಡು," ಎಂದೆ.

"ಮಾಡ್ದೆ. ಮೆಟ್ಟಿಲ ಮೇಲೆ ನಿಂತು ಮಾಡ್ದೆ. ಮಧ್ಯಾಹ್ನವೇ ಬೇರೆಯವರನ್ನ ತಗೊಂಡಾಯ್ತಂತೆ."

ಅವಳು ಅಳಲಿಲ್ಲ, ಕೂಗಲಿಲ್ಲ. ಕೂಗಿದ್ದರೆ ನನಗೆ ಹಗುರವಾಗುತ್ತಿತ್ತು. ಗಾಜಿನಾಚೆ ಕೆಳಗೆ ತನ್ನ ಸೆಕ್ಷನ್ನನ್ನು ನೋಡುತ್ತಾ ನಿಂತಳು. ಪಾಲಿಷ್ ಮಷೀನುಗಳು ಒಂದೇ ಸಮನೆ ಮೊರೆಯುತ್ತಿದ್ದವು.

"ಅವರ ಫೋನಲ್ಲಿ ಇನ್ನೂ ಆ ಕಪಾಟುಗಳೇ ಇದ್ದಾವಾ?"

"ಹೂಂ." ಆ ಶಬ್ದ ನನ್ನ ಬಾಯಿಂದ ಮತ್ತೆ ಬಂದದ್ದಕ್ಕೆ ನಾಲಿಗೆ ಕಚ್ಚಿಕೊಂಡೆ.

"ನಂಗೊಬ್ಬಳಿಗೆ ತೋರಿಸಿದ್ರೆ ನಾನು ಕೆಳಗೆ ಹೋಗಿ ಯಾವ ಮುಖ ಇಟ್ಕೊಂಡು ಅವರ ಜೊತೆ ಮೇಜು ಉಜ್ಜಲಿ? ಅವರಲ್ಲೂ ಯಾರೋ ಇವತ್ತು ನನ್ನ ಹಾಗೇ ಕೈಗೆ ಬಂದ ಕೆಲಸಾನ ಬೇಡ ಅಂತಿರಬಹುದು. ತೋರಿಸು. ಎಲ್ಲರಿಗೂ ತೋರಿಸು."

"ನನ್ನ ಕೆಲಸ ಹೋಗುತ್ತೆ ಅಕ್ಕ."

"ಹೋಗಬಹುದು," ಎಂದಳು ಅಕ್ಕ. ತೋರಿಸು ಎಂದು ಮತ್ತೆ ಹೇಳಲಿಲ್ಲ.

'ಯಾರಿಗೆ' ಎಂಬಲ್ಲಿ ಎಲ್ಲರಿಗೂ ಎಂದು ಮಾಡಿದೆ. ಸೋಮವಾರವನ್ನು ಅಳಿಸಿದೆ. ಈಗಲೇ ಎಂದು ಹಾಕಿ ಒತ್ತಿದೆ.

ಕೆಳಗೆ ಒಬ್ಬ ಜೇಬಿನಿಂದ ಫೋನು ತೆಗೆದ. ಅವನ ಮಷೀನು ನಿಂತಿತು. ಆಮೇಲೆ ಪಕ್ಕದ್ದು, ಅದರಾಚೆಯದು. ಕೊನೆಯದೂ ನಿಂತಾಗ ಕಾರಿಡಾರಿನ ತುದಿಯ ಬಾಗಿಲು ತೆರೆದ ಸದ್ದು ಸ್ಪಷ್ಟವಾಗಿ ಕೇಳಿಸಿತು. ನಾನು ಎದ್ದು ನಿಂತೆ.

ಅಕ್ಕ ಮೂಲೆಯಲ್ಲಿದ್ದ ಕುರ್ಚಿ ಎಳೆದು, ಬಾಗಿಲಿಗೂ ನನಗೂ ನಡುವೆ ಹಾಕಿಕೊಂಡು ಕೂತಳು. ಏಪ್ರನ್ನಿನ ಪುಡಿಯೆಲ್ಲ ನೆಲಕ್ಕೆ ಬಿತ್ತು.

"ನೀನು ಕೂತ್ಕೋ," ಎಂದಳು ನನ್ನ ಕಡೆ ತಿರುಗದೆ. "ಅವರ ಹತ್ರ ನಾನು ಮಾತಾಡ್ತೀನಿ. ನೀನು ಬೆಳಿಗ್ಗೆ ಮಾತಾಡಿದ್ದೇ ಸಾಕು."