ದೇವಕಿಗೆ ಹೇಳದ ಪಾಸ್‌ವರ್ಡ್

ಗಂಡನ ಗುಟ್ಟು ತನಗಿಂತ ಮೊದಲು ಅವನ ಗೆಳೆಯನಿಗೆ ಗೊತ್ತಾದರೆ ಯಾವ ಹೆಂಡತಿಗೆ ತಾನೆ ಸೇರುತ್ತದೆ? ಶಿರಸಿಯ ದೇವಕಿಗೂ ಸೇರಲಿಲ್ಲ.

2008ರ ಮಾತು. ದೇವಕಿಯ ಗಂಡ ವಿಘ್ನೇಶ್ವರ ಪೇಟೆಯಲ್ಲಿ ಮದುವೆ, ಉಪನಯನದ ಆಮಂತ್ರಣಗಳನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸಿ ಕೊಡುತ್ತಿದ್ದ. ಅವನಿಗೆ ಎದೆನೋವು ಕಾಣಿಸಿಕೊಂಡು, ಹುಬ್ಬಳ್ಳಿಯಲ್ಲಿ ಹೃದಯದ ಆಪರೇಶನ್ ಆಗಬೇಕೆಂದು ಡಾಕ್ಟರು ಹೇಳಿದ್ದರು. ಹೊರಡುವ ಹಿಂದಿನ ದಿನ ದೇವಕಿ ಕಷಾಯ ಹಿಡಿದು ಜಗಲಿಗೆ ಬಂದಾಗ, ಅವನು ಫೋನಿನಲ್ಲಿ ಯಲ್ಲಾಪುರದ ಗೆಳೆಯ ಕಮಲಾಕರನಿಗೆ ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಿದ್ದ.

"ಇದೇ ಪಾಸ್‌ವರ್ಡ್. ಎಂಗೆ ಎಂತಾದ್ರೂ ಆದ್ರೆ ನೀನೇ ನೋಡ್ಕಳವು."

ದೇವಕಿ ಲೋಟ ಕೆಳಗಿಟ್ಟು ಒಳಗೆ ಹೋದಳು. ಇಷ್ಟು ವರ್ಷ ಸಂಸಾರ ಮಾಡಿದವಳು ತಾನು. ಅವನ ಅಂಗಿಯ ಅಳತೆ, ಮಾತ್ರೆಯ ಹೊತ್ತು, ಸಿಟ್ಟು ಬರುವ ಮುಂಚಿನ ಕೆಮ್ಮು, ಎಲ್ಲ ತನಗೆ ಗೊತ್ತು. ಪಾಸ್‌ವರ್ಡ್ ಮಾತ್ರ ಕಮಲಾಕರನಿಗೆ. ಅತ್ತೆ ಹಾಡಿದ ಹಾಡುಗಳು, ಮಗಳು ನಮಿತಾಳ ಎಳವೆಯ ಫೋಟೊಗಳು ಎಲ್ಲ ಆ ಪಾಸ್‌ವರ್ಡಿನಿಂದ ತೆರೆಯುವ ಮನೆಯ ಕಂಪ್ಯೂಟರಿನೊಳಗೇ ಇದ್ದವು. ನಾಳೆ ಅವನ್ನು ನೋಡಬೇಕೆಂದರೂ ಇನ್ನೊಬ್ಬರನ್ನು ಬೇಡಬೇಕೆ? ಕಮಲಾಕರನ ಮೇಲೆ ಅವಳಿಗೆ ಹೊಟ್ಟೆಕಿಚ್ಚಾಯಿತು.

ಮರುದಿನ ಆಸ್ಪತ್ರೆಗೆ ಜೊತೆಯಾಗಲು ಕಮಲಾಕರ ಬಂದ. ದೇವಕಿ ಅವನಿಗೆ ತೆಳ್ಳೇವು ಎಂಬ ತೆಳುದೋಸೆ ಬಡಿಸಿದಳು, ಆದರೆ ಇನ್ನೊಂದು ಹಾಕಲೇ ಎಂದು ಕೇಳಲಿಲ್ಲ. ಆ ಮನೆಯಲ್ಲಿ ಉಪಚಾರದ ಮಾತಿಲ್ಲದೆ ಯಾರೂ ತಿಂದು ಎದ್ದದ್ದಿಲ್ಲ. ಕಮಲಾಕರ ಒಂದೇ ತಿಂದು ಕೈತೊಳೆದ. ಅವಳ ಮುನಿಸು ಅವನಿಗೆ ಅರ್ಥವಾಯಿತು. ಅವಳಿಗೆ ತುಸು ಸಮಾಧಾನವೂ ಆಯಿತು.

ಆಪರೇಶನ್ ನಡೆಯುವಾಗ ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ದೇವಕಿ ತಡೆಯಲಾರದೆ ಕೇಳಿಯೇಬಿಟ್ಟಳು.

"ಕಟ್ಟಿಕೊಂಡವಳು ಆನು, ಪಾಸ್‌ವರ್ಡ್ ಗೊತ್ತಿರದು ನಿಂಗೆ. ಹಂಗಾರೆ ಆನು ಅವ್ರಿಗೆ ಯಾರು?"

ಕಮಲಾಕರ ಸಿಟ್ಟಾಗಲಿಲ್ಲ. ತನ್ನ ತಮ್ಮ ನಂದನನ ಕಥೆ ಹೇಳಿದ. ಕೆಲವು ವರ್ಷಗಳ ಹಿಂದೆ ನಂದನ ಅರಬೈಲ್ ಘಟ್ಟದಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡಾಗ ಅವನ ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಳು. ಅವಳನ್ನು ಎತ್ತಿಕೊಂಡು ತೆಗೆಸಿಕೊಂಡ ಫೋಟೊಗಳೆಲ್ಲ ಅವನ ಇ-ಮೇಲಿನಲ್ಲಿದ್ದವು. ಪಾಸ್‌ವರ್ಡ್ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಊಹಿಸಿ ಊಹಿಸಿ ಒತ್ತಿದರು, ಇ-ಮೇಲಿನ ಕಂಪನಿಗೆ ಬರೆದರು. ಬಹುಕಾಲ ಯಾರೂ ತೆರೆಯದ ಖಾತೆ ಕಡೆಗೆ ಅಳಿಸಿಹೋಯಿತು. ಈಗ ಆ ಹುಡುಗಿ, ಅಪ್ಪ ನನ್ನ ಎತ್ತಿಕೊಂಡಿದ್ದನೇ ಎಂದು ಕೇಳುತ್ತಾಳೆ. ಹೌದು ಎಂದರೆ, ತೋರಿಸಿ ಎನ್ನುತ್ತಾಳೆ.

"ಅದನ್ನ ಕೇಳಿದ ಮೇಲೆ ವಿಘ್ನೇಶ್ವರಣ್ಣ ಮೊದ್ಲು ನಿಮಗೇ ಹೇಳಲೆ ಹೊರಟಿದ್ದ, ಅತ್ಗೆ," ಎಂದ ಕಮಲಾಕರ. "ನೀವೇ ಬಾಯಿ ಮುಚ್ಚಿಸಿದ್ರಡ."

ದೇವಕಿಗೆ ನೆನಪಾಯಿತು. ಊಟದ ಹೊತ್ತಿನಲ್ಲಿ, ತಾನಿಲ್ಲದೇ ಹೋದರೆ ಎಂದು ಅವನು ಶುರುಮಾಡಿದ್ದ. ಉಣ್ಣುವಾಗ ಅಪಶಕುನದ ಮಾತು ಬೇಡವೆಂದು ಅವಳು ಎದ್ದು ಹೋಗಿದ್ದಳು. ತಾನು ಕೇಳಿಸಿಕೊಳ್ಳದ್ದನ್ನು ಇವನು ಕೂತು ಕೇಳಿಸಿಕೊಂಡನಲ್ಲ ಎಂದು ಅವಳಿಗೆ ಇನ್ನಷ್ಟು ಉರಿಯಿತು. ಆದರೆ ಈ ಸಲ ಉರಿ ತನ್ನ ಮೇಲೂ ಇತ್ತು.

ಆಪರೇಶನ್ ಸುಸೂತ್ರವಾಗಿ ಮುಗಿಯಿತು. ವಿಘ್ನೇಶ್ವರ ಮನೆಗೆ ಬಂದು ಚೇತರಿಸಿಕೊಂಡ ಮೇಲೆ ಒಂದು ಬೆಳಿಗ್ಗೆ ದೇವಕಿ ತಾನಾಗಿಯೇ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದು ಕೂತಳು.

"ಈಗ ಹೇಳಿ, ಕೇಳ್ತೆ."

ಹಾಡು ಎಲ್ಲಿದೆ, ಫೋಟೊ ಎಲ್ಲಿದೆ, ಹೇಗೆ ತೆರೆಯಬೇಕು ಎಂದು ಅವನು ತೋರಿಸಿದ. ನಮಿತಾಳಿಗೆಂದು ಅವನ್ನು ಒಂದು ಸಿ.ಡಿ.ಗೂ ಹಾಕಿದ. ಕಂಪ್ಯೂಟರಿನದೂ ಇ-ಮೇಲಿನದೂ ಪಾಸ್‌ವರ್ಡ್ ಬರೆದು, ಲಕೋಟೆಗೆ ಅಂಟು ಹಚ್ಚಿ, ಅವಳ ಟ್ರಂಕಿನಲ್ಲಿ ಇಡಿಸಿದ. ಆಮೇಲೆ ಇ-ಮೇಲಿನಲ್ಲಿ ಬೇರೆಯಾಗಿ ಇಟ್ಟಿದ್ದ ಕೆಲವು ಪತ್ರಗಳನ್ನು ತೋರಿಸಿ, ತಾನು ಹೋದರೆ ಇವನ್ನು ಓದದೆ ಅಳಿಸಬೇಕು ಎಂದ.

ದೇವಕಿಯ ಮುಖ ಬಿಗಿಯಾಯಿತು. ಯಾರದ್ದೆಂದು ಕೇಳಿದಳು.

"ಒಬ್ರು ಎನ್ನ ನಂಬಿ ತಮ್ಮ ಕಷ್ಟ ಬರೆದದ್ದು. ಅದು ಎನ್ನ ಗುಟ್ಟಲ್ಲ, ಅವ್ರದ್ದು. ನಿನ್ನ ನಂಬಿ ಹೇಳ್ತೆ."

ಗಂಡೋ ಹೆಣ್ಣೋ ಎಂಬ ಪ್ರಶ್ನೆ ಅವಳ ನಾಲಗೆಯ ತುದಿಗೆ ಬಂದು ನಿಂತಿತು. ಅಷ್ಟರಲ್ಲಿ ತನ್ನ ಮೊಬೈಲಿನಲ್ಲಿದ್ದ ತಂಗಿಯ ಮೆಸೇಜುಗಳು ನೆನಪಾದವು. ತಂಗಿ ಅತ್ತು ಹೇಳಿಕೊಂಡ ಆ ಸಂಗತಿಗಳನ್ನು ಅವಳೂ ಗಂಡನಿಗೆ ಹೇಳಿರಲಿಲ್ಲ.

"ಓದ್ತ್ನಿಲ್ಲೆ. ಎನ್ನ ಮೊಬೈಲಲ್ಲಿರ ತಂಗಿ ಮೆಸೇಜನ್ನ ನೀವೂ ಓದಡಿ. ಆದ್ರೆ ಎನ್ನ ಹೊಟ್ಟೆಕಿಚ್ಚು ಹೋತು ಹೇಳಿ ತಿಳ್ಕಳಡಿ, ಅದು ಇನ್ನೂ ಇದ್ದು."

ಎದೆಯ ಹೊಲಿಗೆ ನೋಯುತ್ತದೆಂದು ಅಂಗೈ ಒತ್ತಿ ಹಿಡಿದುಕೊಂಡು ವಿಘ್ನೇಶ್ವರ ನಕ್ಕ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮೊಬೈಲು, ಇ-ಮೇಲು, ಕಂಪ್ಯೂಟರಿನಲ್ಲಿ ನಿಮ್ಮವರಿಗೆ ಬೇಕಾದ್ದು ಏನಿದೆ ಎಂದು ಇವತ್ತೇ ಯೋಚಿಸಿ. ನಂಬುಗೆಯ ಒಬ್ಬರಿಗೆ ಅದನ್ನು ತೆರೆಯುವ ದಾರಿ ತಿಳಿಸಿ. ಉಳಿಸಬೇಕಾದ್ದು ಯಾವುದು, ಓದದೆ ಅಳಿಸಬೇಕಾದ್ದು ಯಾವುದು ಎಂಬುದನ್ನೂ ಹೇಳಿ. ಪಾಸ್‌ವರ್ಡ್ ಬದಲಿಸಿದರೆ ಮರೆಯದೆ ಮತ್ತೆ ತಿಳಿಸಿ. ಬ್ಯಾಂಕಿನ ಗುಟ್ಟಿನ ಸಂಖ್ಯೆಯನ್ನು ಮಾತ್ರ ಯಾರಿಗೂ ಕೊಡಬೇಡಿ, ಅಲ್ಲಿ ನಾಮಿನಿಯ ಹೆಸರು ಬರೆಸಿದರೆ ಸಾಕು. ಮನೆಯಲ್ಲಿ ಯಾರಾದರೂ ಈ ಮಾತು ತೆಗೆದರೆ ದಯವಿಟ್ಟು ಎದ್ದು ಹೋಗಬೇಡಿ. ಕೂತು ಕೇಳಿ.