ನಾಲ್ಕನೇ ರೀಲಿನ ಬಾಲ

ಹಳೆಯ ಸಿನಿಮಾ ಮತ್ತೆ ತೆರೆಗೆ ಬಂದು ಮೂರನೇ ವಾರ ನಡೆಯುತ್ತಿತ್ತು. ಬುಧವಾರ ಸಂಜೆಯ ಆಟದಲ್ಲಿ ನಾಲ್ಕನೇ ರೀಲು ಮುಗಿದು ಐದನೆಯದು ಶುರುವಾಗಬೇಕಾದ ಹೊತ್ತಿಗೆ ಪರದೆ ಬೆಳ್ಳಗಾಯಿತು. ಎರಡು ಕ್ಷಣ ಅಷ್ಟೇ, ಆದರೆ ಮುಂದಿನ ಸಾಲಿನವರಿಗೆ ಸೀಟಿ ಹೊಡೆಯಲು ಅಷ್ಟು ಧಾರಾಳವಾಯಿತು.

ಪ್ರೊಜೆಕ್ಟರ್ ಕ್ಯಾಬಿನ್ನಿನ ಪಕ್ಕದ ಕೋಣೆಯಲ್ಲಿ ಕೂತಿದ್ದ ಜಾಯಿಂಟಮ್ಮ ಮೇಜಿನಿಂದ ತಲೆಯೆತ್ತಿದಳು. ಹರಿದ ರೀಲನ್ನು ಕತ್ತರಿಸಿ, ಅಂಟು ಹಚ್ಚಿ, ಎಲ್ಲಿ ಕೂಡಿಸಿದ್ದೆಂದು ಯಾರಿಗೂ ಗೊತ್ತಾಗದಂತೆ ಕೂಡಿಸುವುದು ಅವಳ ಕೆಲಸ. ಹಾಗಾಗಿ ಥಿಯೇಟರಿನವರು ಇಟ್ಟ ಹೆಸರು ಅದು. ಸ್ವಂತ ಹೆಸರು ಕರೆದರೆ ಈಗ ಅವಳೇ ಒಂದು ಗಳಿಗೆ ತಡೆದು ಓಗೊಡುತ್ತಿದ್ದಳು. ಗೋಡೆಯ ಆ ಕಡೆ ಎರಡು ಮೆಷೀನುಗಳನ್ನು ನಡೆಸುವ ಆಪರೇಟರ್ ಅವಳ ಗಂಡ. ಮದುವೆಯಾಗಿ ಇಪ್ಪತ್ತೆರಡು ವರ್ಷ. ಮನೆಯಲ್ಲಿ ಚಪ್ಪಲಿ ಎಲ್ಲಿ ಬಿಟ್ಟೆನೆಂದು ನೆನಪಿರದ ಮನುಷ್ಯ, ಮೆಷೀನಿನ ವಿಷಯದಲ್ಲಿ ಮಾತ್ರ ಬೆಣ್ಣೆಯಿಂದ ಕೂದಲು ತೆಗೆದಷ್ಟು ನಾಜೂಕು. ಅವನ ಕೈಯಲ್ಲಿ ಪರದೆ ಬೆಳ್ಳಗಾದದ್ದನ್ನು ಅವಳು ಕಂಡೇ ಇರಲಿಲ್ಲ.

ಒಂದು ಮೆಷೀನಿನಿಂದ ಇನ್ನೊಂದಕ್ಕೆ ದಾಟಲು ರೀಲಿನಲ್ಲೇ ಸೂಚನೆಯಿರುತ್ತದೆ. ರೀಲು ಮುಗಿಯುವ ಮುಂಚೆ ಪರದೆಯ ಬಲಮೂಲೆಯಲ್ಲಿ ಒಂದು ಸಣ್ಣ ಚುಕ್ಕೆ ಮಿಂಚುತ್ತದೆ; ಆಗ ಎರಡನೇ ಮೆಷೀನು ಚಾಲೂ ಮಾಡಬೇಕು. ಏಳು ಸೆಕೆಂಡಿನ ಮೇಲೆ ಇನ್ನೊಂದು ಚುಕ್ಕೆ, ಆಗ ದಾಟಬೇಕು. ನೋಡುವವರಿಗೆ ಇದರ ಗಂಧವೂ ಇರುವುದಿಲ್ಲ.

"ಏನ್ರೀ ಆಯ್ತು?" ಎಂದು ಬಾಗಿಲಲ್ಲಿ ನಿಂತು ಕೇಳಿದಳು.

"ಎರಡನೇ ಚುಕ್ಕೆ ಬರಲೇ ಇಲ್ಲ. ಇಷ್ಟು ದಿನ ಅಂದಾಜಲ್ಲಿ ದಾಟಿಸ್ತಿದ್ದೆ, ಇವತ್ತು ಕೈಕೊಡ್ತು."

"ಚುಕ್ಕೆ ಎಲ್ಲಿ ಹೋಗುತ್ತೆ? ಕೊಡಿ ಇಲ್ಲಿ, ನೋಡ್ತೀನಿ."

"ನಾಳೆ ನೋಡಿದ್ರಾಯ್ತು ಬಿಡು," ಎಂದ ಆಪರೇಟರ್. ಕೆಲಸದ ವಿಷಯದಲ್ಲಿ ಅವನ ಬಾಯಿಂದ 'ಬಿಡು' ಬಂದದ್ದೂ ಅದೇ ಮೊದಲು. ಅವಳು ರೀಲನ್ನು ಎತ್ತಿಕೊಂಡು ಹೋದಳು.

ಸಿನಿಮಾ ಗಂಡ ಹೆಂಡತಿಯದು. ಒಬ್ಬ ಮರ್ಯಾದಸ್ಥ ಗಂಡ, ಉಸಿರೆತ್ತದ ಹೆಂಡತಿ, ಮೆಟ್ಟಿಲ ಮೇಲೆ ನಿಂತು ನಗುವ ಇನ್ನೊಬ್ಬಳು. ಒಟ್ಟು ಒಂಬತ್ತು ರೀಲು. ನಾಲ್ಕನೆಯದರ ಕೊನೆಯಲ್ಲಿ ಗಂಡ ಆ ಇನ್ನೊಬ್ಬಳಿಗೆ, 'ನಾಳೆ ಅವಳಿಗೆ ಎಲ್ಲಾ ಹೇಳಿಬಿಡ್ತೀನಿ' ಎನ್ನುತ್ತಾನೆ. ಹೇಳುವುದಿಲ್ಲ. ಹೇಳಿದ್ದರೆ ಐದು ರೀಲು ಉಳಿಯುತ್ತಿದ್ದವು. ಒಂಬತ್ತನೆಯದರಲ್ಲಿ ಅವನು ಮಂಡಿಯೂರುತ್ತಾನೆ, ಅವಳು ಕ್ಷಮಿಸುತ್ತಾಳೆ, ಹೆಂಗಸರು ಮೂಗು ಒರೆಸಿಕೊಳ್ಳುತ್ತ ಹೊರಗೆ ಬರುತ್ತಾರೆ. ಮ್ಯಾಟಿನಿಗೆ ದಿನವೂ ಹೌಸ್‌ಫುಲ್ ಆಗುತ್ತಿದ್ದದ್ದು ಈ ಅಳುವಿನಿಂದಲೇ.

ಮೇಜಿನ ದೀಪದ ಕೆಳಗೆ ಅವಳು ರೀಲಿನ ಬಾಲವನ್ನು ಬೆರಳ ನಡುವೆ ಎಳೆದಳು. ತುದಿಯಲ್ಲಿ ಅಂಟಿನ ಗೀರು ಸಿಕ್ಕಿತು, ಅವಳ ಕೈಯದಲ್ಲ. ಮೊದಲ ಚುಕ್ಕೆಯಿಂದ ಬಾಲದವರೆಗೆ ಎಷ್ಟು ಚೌಕ, ಅಂದರೆ ಫ್ರೇಮು, ಇರಬೇಕೆಂಬುದು ಅವಳಿಗೆ ಬಾಯಿಪಾಠ. ಮೂರು ಸಲ ಎಣಿಸಿದಳು. ಮೂವತ್ತಾರು ಕಮ್ಮಿ. ಎರಡನೇ ಚುಕ್ಕೆ ಹೋಗಿತ್ತು. ಅದರ ಜೊತೆ ಸಿನಿಮಾದ ಗಂಡ ಆಡುವ ಆ ಮಾತೂ ಹೋಗಿತ್ತು.

ಅವಳಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಾಲ್ಕನ್ನೂ ಐದನ್ನೂ ಒಂದೇ ದೊಡ್ಡ ಸ್ಪೂಲಿಗೆ ಕೂಡಿಸಿದರೆ ನಡುವೆ ದಾಟಿಸುವ ಕೆಲಸವಿಲ್ಲ. ಹದಿನೆಂಟು ನಿಮಿಷಕ್ಕೊಮ್ಮೆ ಮೆಷೀನಿನ ಮುಂದೆ ನಿಲ್ಲಬೇಕಾದವನಿಗೆ ಮೂವತ್ತಾರು ನಿಮಿಷ ಬಿಡುವು. ಆಟ ಮುಗಿದ ಮೇಲೆ ಕತ್ತರಿಸಿ ಡಬ್ಬಿಗಳಿಗೆ ಹಾಕಿಬಿಟ್ಟರೆ ಯಾರಿಗೂ ತಿಳಿಯದು. ಆದರೆ ಒಂದು ಸಲ ಕೂಡಿಸಿ ಬಿಡಿಸಿದರೆ ಬಾಲದಲ್ಲಿ ಎರಡು ಚೌಕ ಹಾಳಾಗುತ್ತವೆ. ಮೂವತ್ತಾರು ಚೌಕ ಎಂದರೆ ಹದಿನೆಂಟು ದಿನ. ಎಲ್ಲಾ ಮ್ಯಾಟಿನಿ ಆಟಗಳೇ ಇರಬೇಕು, ಏಕೆಂದರೆ ಆ ಹೊತ್ತಿಗೆ ಅವಳು ಅತ್ತೆಗೆ ಊಟ ಬಡಿಸಲು ಮನೆಗೆ ಹೋಗುತ್ತಿದ್ದಳು. ಹೆಂಡತಿ ಇಲ್ಲದ ಹೊತ್ತು ನೋಡಿ ಕದ್ದು ಹೋಗುವವನು ಇನ್ನೊಬ್ಬಳ ಹತ್ತಿರವಲ್ಲದೆ ಇನ್ನೆಲ್ಲಿಗೆ ಹೋದಾನು?

"ಮುಂಚಿನ ಥಿಯೇಟರಿನವರು ಹಾಳು ಮಾಡಿರ್ತಾರೆ," ಎಂದ ಗಂಡ ಆಟ ಮುಗಿಸಿ ಕೋಣೆಗೆ ಬಂದು, ಅವಳು ಕೇಳುವ ಮೊದಲೇ.

ರೀಲು ಬಂದ ದಿನ ಅಡಿಯಿಂದ ಮುಡಿಯವರೆಗೆ ನೋಡಿ ಸರಿಯಿದೆ ಎಂದು ಸಹಿ ಹಾಕಿದವಳು ಅವಳೇ. ಅದು ಅವನಿಗೂ ಗೊತ್ತು. ಸುಳ್ಳು ಹೇಳಿದ್ದಕ್ಕಿಂತ, ಇಂಥ ಪೆದ್ದು ಸುಳ್ಳು ತನಗೆ ಸಾಕೆಂದುಕೊಂಡನಲ್ಲ ಎಂದು ಅವಳ ಮೈಯೆಲ್ಲ ಉರಿಯಿತು. ಮನಸ್ಸಿನಲ್ಲೇ ಒಂದು ಗಡುವು ಹಾಕಿಕೊಂಡಳು: ನಾಳೆ ಮ್ಯಾಟಿನಿಯೊಳಗೆ ತಾನಾಗಿ ಹೇಳಿದರೆ, ಏನೇ ಇರಲಿ, ಕೂತು ಕೇಳುತ್ತೇನೆ. ಸಂಸಾರ ಉಳಿಸಿಕೊಳ್ಳುವ ದಾರಿ ಹುಡುಕುತ್ತೇನೆ. ಹೇಳದಿದ್ದರೆ ಇಲ್ಲ.

ಮರುದಿನ ಬೆಳಿಗ್ಗೆ ಅವನು ಗಡ್ಡ ಹೆರೆಯುವಾಗ ಪಕ್ಕದಲ್ಲೇ ನಿಂತಳು. "ಏನಾದ್ರೂ ಹೇಳೋದಿದೆಯಾ?" ಎಂದು ಕೇಳಿದಳು.

"ಹೂಂ. ಬ್ಲೇಡು ಮುಗಿದಿದೆ."

ಅಡಿಗೆಮನೆಯಲ್ಲಿ ಅತ್ತೆ ಕೂತು ತಟ್ಟೆ ಒರೆಸುತ್ತಿದ್ದರು. ಕಿವಿ ಮಂದ, ಬಾಯಿ ಚುರುಕು. ಆ ಸಿನಿಮಾವನ್ನು ಮೊದಲ ಸಲ ಬಂದಾಗಲೇ ನೋಡಿದವರು.

"ಅತ್ತೆ, ಆ ಸಿನಿಮಾದಲ್ಲಿ ಅವಳು ಯಾಕೆ ಕ್ಷಮಿಸಿದ್ಲು?" ಎಂದು ಸೊಸೆ ಕೂಗಿ ಕೇಳಿದಳು.

"ಸಿನಿಮಾ ಮುಗೀಬೇಕಿತ್ತಲ್ಲಮ್ಮ," ಎಂದರು ಅತ್ತೆ. "ಅವಳು ಒಲ್ಲೆ ಅಂದಿದ್ರೆ ನಾವೆಲ್ಲಾ ಮನೆಗೆ ಹೋಗೋದು ಯಾವಾಗ?"

ಅವಳಿಗೆ ನಗು ಬಂತು. ಅತ್ತೆಯ ಊಟ ಬೇಗ ಮಾಡಿಟ್ಟು, ಮುಚ್ಚಿ, ಪಕ್ಕದ ಮನೆಯವರಿಗೆ ಹೇಳಿ ಬಂದಳು.

ಮ್ಯಾಟಿನಿಗೆ ಕ್ಯಾಬಿನ್ನಿನ ಕಡೆ ಹೋಗದೆ ಹಾಲಿನ ಹಿಂದಿನ ಸಾಲಿನಲ್ಲಿ ಕೂತಳು. ಇಷ್ಟು ವರ್ಷ ಬೆರಳಲ್ಲಿ ಚೌಕ ಚೌಕವಾಗಿ ನೋಡಿದ್ದನ್ನು ಕುರ್ಚಿಯಲ್ಲಿ ಕೂತು ನೋಡುವುದೇ ಒಂದು ವಿಚಿತ್ರ. ಅಕ್ಕಪಕ್ಕದವರ ಹಾಗೆ ತಾನೂ ಆ ಹೆಂಡತಿಯ ಮೇಲೆ ಕನಿಕರಪಡುತ್ತಿದ್ದೇನೆಂದು ತಿಳಿದಾಗ ಅವಳಿಗೆ ಸಿಟ್ಟು ಬಂತು. ನಾಲ್ಕನೇ ರೀಲಿನ ಕೊನೆಗೆ ಸಿನಿಮಾದ ಗಂಡ ಮೆಟ್ಟಿಲ ಮೇಲೆ ನಿಂತು, "ನಾಳೆ..." ಎಂದ. ಚಿತ್ರ ಚಕ್ಕನೆ ಹಾರಿ ಐದನೇ ರೀಲಿನ ಅಡಿಗೆಮನೆ ಬಂತು.

"ನಾಳೆ ಏನಂತೆ?" ಎಂದಳು ಮುಂದಿನ ಸಾಲಿನ ಹೆಂಗಸು.

"ಏನೋ ನುಂಗಿದ," ಎಂದಳು ಪಕ್ಕದವಳು. "ಗಂಡಸರು ಮುಖ್ಯವಾದ್ದೇ ನುಂಗೋದು."

ಜಾಯಿಂಟಮ್ಮ ಎದ್ದು ಹಿಂಬದಿಯ ಮೆಟ್ಟಿಲು ಹತ್ತಿದಳು.

ಕ್ಯಾಬಿನ್ನಿನಲ್ಲಿ ಯಾರೂ ಇರಲಿಲ್ಲ. ಒಂದನೇ ಮೆಷೀನು ತನ್ನಷ್ಟಕ್ಕೆ ತಾನು ಓಡುತ್ತಿತ್ತು, ಎರಡನೆಯದು ತಣ್ಣಗಿತ್ತು. ಬೆಳಕು ಕೊಡುವ ಕಾರ್ಬನ್ ಕಡ್ಡಿಗಳನ್ನು ಆಗಾಗ ಹತ್ತಿರ ಮಾಡಬೇಕು. ಮಾಡುವವನಿಲ್ಲದೆ ಚಿತ್ರ ಹಳದಿಯಾಗಿತ್ತು. ಅವಳು ತಿರುಪು ತಿರುಗಿಸಿ ಬೆಳಕು ಸರಿಮಾಡಿದಳು. ಆಮೇಲೆ ಹಿಂದಿನ ಕಿಟಕಿಯಿಂದ ಓಣಿಗೆ ಇಣುಕಿದಳು. ಎದುರಿಗೆ ಕನ್ನಡಕದಂಗಡಿಯ ಶಟರು ಮುಕ್ಕಾಲು ಇಳಿದಿತ್ತು. ಅಂಗಡಿಯವಳು ಒಂಟಿ ಹೆಂಗಸು, ನಾಲ್ಕು ಜನರ ಜೊತೆ ನಗುನಗುತ್ತ ಮಾತಾಡುವವಳು. ಎರಡು ತಿಂಗಳ ಹಿಂದೆ ಗಂಡನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, 'ಇವರಿಗೆ ಸರಿಯಾಗಿ ಕಾಣೋ ಹಾಗೆ ಮಾಡಿಕೊಡಿ' ಎಂದು ಹೇಳಿ ಬಂದವಳು ತಾನೇ. ಸ್ಟೂಲು ಎಳೆದುಕೊಂಡು ಕಿಟಕಿಯ ಬಳಿ ಕೂತಳು.

ಸ್ವಲ್ಪ ಹೊತ್ತಿಗೆ ಶಟರಿನ ಕೆಳಗಿನಿಂದ ಬಗ್ಗಿ ಅವನು ಹೊರಗೆ ಬಂದ, ಅತ್ತಿತ್ತ ನೋಡಿ ಓಣಿ ದಾಟಿದ. ಕ್ಯಾಬಿನ್ನಿನ ಬಾಗಿಲು ತೆರೆದಾಗ ಇನ್ನೂ ಐದು ನಿಮಿಷದ ರೀಲು ಉಳಿದಿತ್ತು.

ಅವಳನ್ನು ನೋಡಿ ಅವನ ಮುಖ ಬಿಳಿಚಿಕೊಂಡಿತು. "ಅತ್ತ ಟೀ ಕುಡಿಯೋಕೆ..." ಎಂದು ಶುರುಮಾಡಿದ.

"ಹದಿನೆಂಟು ದಿನದಿಂದ ಒಂದೇ ಟೀನಾ?" ಎಂದಳು.

ಅವನು ಬಾಗಿಲು ಮುಚ್ಚಿ, ಸಿಮೆಂಟು ನೆಲದ ಮೇಲೆ ಎರಡೂ ಮಂಡಿಯೂರಿದ. "ನಾನು ಪಾಪಿ. ನಿನ್ನ ಕಣ್ಣೀರಿನ ಬೆಲೆ ನನಗೆ ತಿಳೀಲಿಲ್ಲ. ದಾರಿ ತಪ್ಪಿದ ನನಗೆ ಮನೆಯ ಬಾಗಿಲು ತೆರೆ," ಎಂದ. ಕಣ್ಣಲ್ಲಿ ನೀರೂ ಇತ್ತು, ನಿಜವಾದದ್ದೇ.

"ಅದು ಒಂಬತ್ತನೇ ರೀಲಿನ ಮಾತು," ಎಂದಳು ಅವಳು. "ನಾವಿನ್ನೂ ಐದರಲ್ಲಿದ್ದೀವಿ."

ಮೂರು ವಾರದಿಂದ ದಿನಕ್ಕೆ ಮೂರು ಸಲ ಕೇಳಿದ ಮಾತು ತನ್ನದೇ ಎಂದು ಅವನು ನಂಬಿಬಿಟ್ಟಿದ್ದ. ಮಂಡಿಯಿಂದ ಏಳುವುದೋ ಬೇಡವೋ ತಿಳಿಯದೆ, ಮೆಷೀನಿನ ಕಾಲು ಹಿಡಿದು ಎದ್ದ. ಆಮೇಲೆ ಅಂಗಿಯ ತುದಿಯಿಂದ ಕಣ್ಣೊರೆಸಿಕೊಂಡು ಸಣ್ಣ ದನಿಯಲ್ಲಿ ಹೇಳಿದ:

"ಅವಳು ನನ್ನ ಮುಖಾನ ಬೆಳಕಲ್ಲಿ ಇಟ್ಟು ನೋಡಿದ್ಲು. ಕನ್ನಡಕದ ಅಳತೆಗೆ ಅಂತಾನೇ. ಯಾರೂ ಹಾಗೆ ನೋಡಿರಲಿಲ್ಲ. ಇಷ್ಟು ವರ್ಷ ಈ ಕತ್ತಲಲ್ಲೇ ಇದ್ದೀನಲ್ಲ. ಅದಕ್ಕೇ ಹೋದೆ. ಆಮೇಲೆ ಹೋಗ್ತಾ ಇದ್ದೆ."

ಇದು ಯಾವ ರೀಲಿನಲ್ಲೂ ಇಲ್ಲದ ಮಾತು. ನಿಜವೆಂದು ಅವಳಿಗೆ ಕೂಡಲೇ ತಿಳಿಯಿತು, ತಿಳಿದದ್ದರಿಂದಲೇ ಹೆಚ್ಚು ನೋವಾಯಿತು. ನಿನ್ನೆ ಸಂಜೆ ಇಷ್ಟೇ ಹೇಳಿದ್ದರೆ ಅವನ ಪಕ್ಕ ಕೂತು ಅತ್ತುಬಿಡುತ್ತಿದ್ದಳು.

"ನಾನೂ ಅದೇ ಗೋಡೆಯ ಈಚೆ ಕೂತಿದ್ದೆ," ಎಂದಳು. "ನನ್ನನ್ನ ಯಾರು ನೋಡಿದ್ರು?"

ಪರದೆಯ ಮೂಲೆಯಲ್ಲಿ ಮೊದಲ ಚುಕ್ಕೆ ಮಿಂಚಿತು. ಅವನು ಅಲುಗಾಡಲಿಲ್ಲ, ಆರನೇ ರೀಲು ಏರಿಸಿಯೇ ಇರಲಿಲ್ಲ. ಐದನೆಯದು ಮುಗಿದು ಪರದೆ ಬೆಳ್ಳಗಾಯಿತು, ಕೆಳಗೆ ಸೀಟಿ ಎದ್ದಿತು. ಅವಳೇ ಹಾಲಿನ ದೀಪ ಹಾಕಿದಳು, ಡಬ್ಬಿಯಿಂದ ಆರನೇ ರೀಲು ತೆಗೆದು ಎರಡನೇ ಮೆಷೀನಿಗೆ ಏರಿಸಿದಳು. ಚಿತ್ರ ಮತ್ತೆ ಶುರುವಾದ ಮೇಲೆ ಕೈ ಒರೆಸಿಕೊಂಡಳು.

"ಮನೆಗೆ ಹೋಗಿ. ಇನ್ನು ಮೇಲೆ ನಿಮ್ಮಮ್ಮನಿಗೆ ನೀವೇ ಬಡಿಸಬೇಕು. ಉಳಿದ ರೀಲು ನಾನು ಓಡಿಸ್ತೀನಿ. ಆಟ ಮುಗಿದ ಮೇಲೆ ಅಕ್ಕನ ಮನೆಗೆ ಹೋಗ್ತೀನಿ. ಕೆಲಸಕ್ಕೆ ಮಾತ್ರ ದಿನಾ ಬರ್ತೀನಿ."

"ಎಷ್ಟು ದಿನ?" ಎಂದು ಅವನು ಕೇಳಿದ. "ಯಾವತ್ತು ವಾಪಸ್ ಬರ್ತೀಯ, ಅದನ್ನಾದ್ರೂ ಹೇಳಿ ಹೋಗು."

"ನೀವು ಹೇಳಿ ಹೋಗಿದ್ರಾ?" ಎಂದು ಕೇಳಿ, ಅವಳು ಕಡ್ಡಿಯ ತಿರುಪಿನ ಕಡೆ ತಿರುಗಿದಳು.